ಕಿಟಕಿಯಾಚೆಯ ಮುಖ

ಜೂನ್ 2, ಸೋಮವಾರ
ನಮ್ಮ ಕೌಂಟಿಯ ಪೊಲೀಸ್ ಮುಖ್ಯಸ್ಥ ಷರೀಫರ ಕಚೇರಿಗೆ ಹೋಗಿ ಬಂದೆ. ವಾರಾಂತ್ಯದಲ್ಲಿ ಹಿಡಿದವರಲ್ಲಿ ಲಾನಿ ಇಲ್ಲ. ಮಗ ಜೈಲು ಸೇರಲಿಲ್ಲವಲ್ಲ ಎಂದು ಕಣ್ಣೀರು ಹಾಕುವ ತಾಯಿ ಜಾರ್ಜಿಯಾದಲ್ಲಿ ನಾನೊಬ್ಬಳೇ ಇರಬೇಕು. ಆದರೆ ಅಲ್ಲೂ ಇಲ್ಲದಿದ್ದರೆ ಬದುಕಿದ್ದಾನೋ ಇಲ್ಲವೋ, ಹೇಳುವವರು ಯಾರು?

ಮೊದಲೆಲ್ಲ ಹಿಡಿದವರ ಫೋಟೋಗಳು ಷರೀಫರ ವೆಬ್‌ಸೈಟಿನಲ್ಲೇ ಇರುತ್ತಿದ್ದವು. ಈಗ ಕಾನೂನು ಬದಲಾಗಿದೆ. ಬೇಕಾದವರು ಕಚೇರಿಯ ಕಿಟಕಿಗೆ ಹೋಗಿ ಕೇಳಬೇಕು. ಫೋಟೋ ಹಾಕಿ, ಆಮೇಲೆ ಅಳಿಸುವುದಕ್ಕೆ ದುಡ್ಡು ಕೀಳುವ ಸೈಟುಗಳಿಗೆ ಕೊಡುವುದಿಲ್ಲ ಎಂದು ಬರೆದುಕೊಡಬೇಕು. ಕಿಟಕಿಯ ಹುಡುಗಿ ಒಡೆಸ್ಸಾ ನಕ್ಕಳು. "ನೀವ್ ಯಾರಿಗ್ ಕೊಡ್ತೀರಾ ಮಿಸ್ ವರ್ಲೀನ್? ಆದ್ರೂ ಸೈನ್ ಹಾಕ್ಬಿಡಿ, ರೂಲ್ಸು."

ಜೂನ್ 9, ಸೋಮವಾರ
ಸಿಕ್ಕಿದ! ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಕುಡಿದು ಮಲಗಿದ್ದನಂತೆ. ಬೆಳಿಗ್ಗೆಯೇ ಬಿಟ್ಟುಬಿಟ್ಟರಂತೆ. ಫೋಟೋದಲ್ಲಿ ಗಡ್ಡ ಬಂದಿದೆ. ಕೆನ್ನೆ ಒಳಗೆ ಹೋಗಿದೆ... ಬದುಕಿದ್ದಾನೆ, ಸಾಕು. ಫ್ರಿಜ್ಜಿಗೆ ಅಂಟಿಸಿದೆ.

ಮೊದಲ ಸಲ ಸಿಕ್ಕಿಬಿದ್ದಾಗ ಪೊಲೀಸರು ಹಿಡಿದವರ ಮುಖಗಳನ್ನೇ ಅಚ್ಚುಹಾಕಿ ಪೆಟ್ರೋಲ್ ಬಂಕಿನಲ್ಲಿ ಮಾರುವ ಆ ಪೇಪರಿನಲ್ಲಿ ಇವನದೂ ಬಂತು. ಚರ್ಚಿನ ಹೆಂಗಸರೆಲ್ಲ ಕೊಂಡರು. "ಈ ಮುಖ ಇನ್ನು ನಿಂಗೆ ತೋರ್ಸಲ್ಲ ಕಣಮ್ಮ" ಎಂದು ಹೋದವನು ಮನೆಗೆ ಬಂದಿಲ್ಲ. ಈಗ ಆ ಮುಖವನ್ನೇ ಅರ್ಜಿ ಹಾಕಿ ಬೇಡುತ್ತೇನೆ.

ಜೂನ್ 24
ನಿನ್ನೆ ಕಚೇರಿಯಿಂದ ಬರಿಗೈಲಿ ಬಂದರೆ ತಂತಿಯ ಮೇಲೆ ಅಂಗಿ ಇಲ್ಲ. ನನ್ನ ಗಂಡ ಡೆಲ್ಮರ್ ಅವರ ಕೆಂಪು ಚೌಕಳಿ ಅಂಗಿ. ಅವರು ತೀರಿಹೋದ ಮೇಲೂ ಒಗೆದು ಒಣಹಾಕುತ್ತೇನೆ, ಮನೆಯಲ್ಲಿ ಗಂಡಸಿದ್ದಾನೆಂದು ದಾರಿಹೋಕರು ತಿಳಿಯಲಿ ಅಂತ. ಪಕ್ಕದ ಮನೆ ಹಾಲಿಸ್‌ನನ್ನು ಬೇಲಿಯ ಬಳಿ ತರಾಟೆಗೆ ತೆಗೆದುಕೊಂಡೆ.

"ನಾನ್ಯಾಕ್ ಕದೀಲಿ ಮಾರಾಯ್ತಿ? ನಿನ್ ಗಂಡ ನನ್ ಎರಡರಷ್ಟಿದ್ದ. ಅದ್ರಲ್ಲಿ ನಾನೂ ನನ್ ನಾಯೀನೂ ಇಬ್ರೂ ಹಿಡೀತೀವಿ!"

ನಗು ಬಂತು. ಯಾರೊಡನೆಯಾದರೂ ಜಗಳವಾಡಿ ಎಷ್ಟು ಕಾಲವಾಗಿತ್ತು. ಒಳಗೆ ಬಂದ ಮೇಲೆ ಮನೆ ಇನ್ನೂ ಖಾಲಿ ಅನ್ನಿಸಿತು.

ಜುಲೈ 14, ಸೋಮವಾರ
ಹೊಸ ಫೋಟೋ. ಲಾನಿ — ಮೈಮೇಲೆ ಕೆಂಪು ಚೌಕಳಿ ಅಂಗಿ. ಕಾಲರಿನ ಹತ್ತಿರ ನಾನೇ ಹಾಕಿದ ನೀಲಿ ದಾರದ ಹೊಲಿಗೆ.

ಹಾಲಿಸ್‌ಗೆ ತೋರಿಸಿದೆ. ಟೋಪಿ ತೆಗೆದು ನಿಂತ. "ಸೋಮವಾರ ನಿನ್ ಕಾರು ಹೊರಟ್ ಮೇಲೆ ಯಾರೋ ಹಿಂದ್ಗಡೆ ಮೆಟ್ಲ್ ಮೇಲೆ ಕೂತಿರ್ತಿದ್ರು ವರ್ಲೀನ್. ಹುಲ್ಲು ಕೊಯ್ಯೋಕೆ ಕರೆಸಿದೀಯೇನೋ ಅಂದ್ಕೊಂಡೆ."

ದೇವರೇ. ನಾನು ಕಿಟಕಿಯ ಮುಂದೆ ಅವನ ಚಿತ್ರಕ್ಕೆ ಕೈಯೊಡ್ಡಿ ನಿಂತಾಗ ಅವನು ನನ್ನ ಮೆಟ್ಟಿಲ ಮೇಲೆ ಕೂತಿದ್ದ. ನಾನಿಲ್ಲದ ಹೊತ್ತು ನೋಡಿಕೊಂಡೇ ಬರುತ್ತಿದ್ದ.

ಜುಲೈ 21, ಸೋಮವಾರ, ಬೆಳಿಗ್ಗೆ
ಎಂದಿನಂತೆ ಕಚೇರಿಗೆ ಹೊರಟವಳ ಹಾಗೆ ಹೋಗಿ, ಕಾರನ್ನು ಚರ್ಚಿನ ಹಿಂದೆ ನಿಲ್ಲಿಸಿ, ಹೊಲದ ದಾರಿಯಲ್ಲಿ ಕಳ್ಳಿಯ ಹಾಗೆ ನನ್ನ ಮನೆಗೇ ಬಂದೆ. ಜೋಳದ ರೊಟ್ಟಿ ಬೇಯಿಸಿಟ್ಟಿದ್ದೇನೆ. ಫ್ರಿಜ್ಜಿನ ಫೋಟೋಗಳನ್ನೆಲ್ಲ ತೆಗೆದು ಡ್ರಾಯರಿಗೆ ಹಾಕಿದೆ, ನೋಡಿದರೆ ನೊಂದುಕೊಳ್ಳುತ್ತಾನೆ. ಒಡೆಸ್ಸಾ ಫೋನ್ ಮಾಡಿದಳು — "ಇವತ್ತು ಬರಲ್ವಾ ಮಿಸ್ ವರ್ಲೀನ್? ಹುಷಾರಾಗಿದೀರಾ?" ಮನೆಯಲ್ಲಿ ಕೆಲಸವಿದೆ ಎಂದೆ.

ಗೇಟು ಕಿರುಗುಟ್ಟಿತು.

ಕೂತ. ಕೆಮ್ಮುತ್ತಿದ್ದಾನೆ, ಥೇಟ್ ಅವರಪ್ಪನ ಕೆಮ್ಮು. ಬಾಗಿಲು ತೆಗೆದರೆ ಓಡಿಹೋಗುತ್ತಾನೋ ಏನೋ. ಮುಖ ನೋಡುವುದಿಲ್ಲ ಎನ್ನುತ್ತೇನೆ. ಬೆನ್ನು ಮಾಡಿಯೇ ಕೂತಿರು ಮಗನೇ, ನಾನು ಪಕ್ಕದಲ್ಲಿ ಸುಮ್ಮನೆ ಕೂರುತ್ತೇನೆ. ಇಗೋ, ಬಾಗಿಲು ತೆಗೆಯುತ್ತಿದ್ದೇನೆ.