ಕುಲಗೋಡದ ವರಾಹ

ಗೋಕಾಕ
೨೨ ಏಪ್ರಿಲ್ ೧೯೩೪

ಚಿ. ಸೌ. ಅಕ್ಕವ್ವಳಿಗೆ ನಿನ್ನ ಹಜರತಅಲಿ ಕಾಕಾನ ಆಶೀರ್ವಾದ. ಇತ್ತ ನಾನೂ ನಿನ್ನ ಕಾಕಿ ಮೈಮುನಾಬಿಯೂ ಇದ್ದೇವೆ. ಕ್ಷೇಮವಾಗಿದ್ದೇವೆ ಎಂದು ಬರೆಯಲು ಕೈ ಬಾರದು.

ಹುಕ್ಕೇರಿಯಿಂದ ನೀನು ಹಾಕಿದ ಕಾರ್ಡು ಮುಟ್ಟಿ ಹತ್ತು ದಿನವಾಯಿತು. ಅಪ್ಪ ಆ ಹಾಳು ಜೋಳದ ಹಗೇವಿನ ಕುಣಿಗೆ ಯಾಕೆ ಇಳಿದರು, ಬಾಜೂಕ ನೀವೇ ನಿಂತಿದ್ದಿರಿ, ನೀವೇ ಹೇಳಬೇಕು ಎಂದು ಕೇಳಿದ್ದೀ. ಮುರಿಗೆಪ್ಪ ಹೊನ್ನಿನ ಆಸೆಗೆ ಸತ್ತ ಎಂದು ಪೇಟೆಯವರು ಆಡಿಕೊಳ್ಳುವುದು ನಿನ್ನ ಕಿವಿಗೂ ಬಿದ್ದಿದೆಯಂತೆ. ಅದು ಸುಳ್ಳು. ಖರೆ ಏನೆಂಬುದು ನನಗೊಬ್ಬನಿಗೇ ಗೊತ್ತು.

ಅರಳೆ ಅಂಗಡಿ ಮುಚ್ಚಿ ನಿನ್ನ ಅಪ್ಪ ದಿನಾ ಸಂಜೆ ನನ್ನ ಮುದ್ರೆ ಕೆತ್ತುವ ಅಂಗಡಿಗೆ ಬರುತ್ತಿದ್ದುದು ನಿನಗೆ ನೆನಪಿರಬೇಕು. ಹಳೆಯ ನಾಣ್ಯಗಳನ್ನು ನನ್ನ ಭೂತಗನ್ನಡಿಯ ಕೆಳಗಿಟ್ಟು ಇಬ್ಬರೂ ನೋಡುತ್ತ ಕೂಡುತ್ತಿದ್ದೆವು. ಎಂಟು ವರ್ಷದ ಹಿಂದೆ ನಾನು ಅವನಿಗೆ ಕಡಲೆಬೇಳೆಯಷ್ಟು ಸಣ್ಣ ಬಂಗಾರದ ವರಾಹವೊಂದನ್ನು ಕೊಟ್ಟೆ. ಒಂದು ಮಗ್ಗುಲಿಗೆ ಹಂದಿ, ಇನ್ನೊಂದು ಮಗ್ಗುಲಿಗೆ ಹಳಗನ್ನಡದ ಮೂರು ಅಕ್ಷರ. ಕುಲಗೋಡದಲ್ಲಿ ಬಿದ್ದ ವಾಡೆಯೊಂದರ ಹಿತ್ತಲಲ್ಲಿರುವ ಹಗೇವಿನಲ್ಲಿ ಸಿಕ್ಕಿತಂತೆ ಎಂದು ಹೇಳಿದೆ. ಎರಡು ವರ್ಷ ಇಟ್ಟುಕೊಂಡು, ಅಪ್ಪ ಅದನ್ನು ಬೆಳಗಾವಿಯ ಒಬ್ಬ ವಕೀಲರಿಗೆ ಕೊಟ್ಟು, ಬದಲಿಗೆ ಹನ್ನೊಂದು ಬೆಳ್ಳಿಯ ನಾಣ್ಯ ತಂದ. ಒಳ್ಳೆಯ ಅದಲುಬದಲು ಆಯಿತೆಂದು ನಮಗೆಲ್ಲ ಫೇಡೆ ಹಂಚಿದ.

ಆ ವಕೀಲರು ಹೋದ ವರ್ಷ ತೀರಿಕೊಂಡರು. ಅವರು ಕೂಡಿಸಿದ ನಾಣ್ಯಗಳನ್ನು ಈ ಫೆಬ್ರುವರಿಯಲ್ಲಿ ಬೆಳಗಾವಿಯಲ್ಲಿ ಲಿಲಾವಿಗೆ ಇಟ್ಟರು. ಅಪ್ಪ, ನಾನು, ನಮ್ಮಂತೆಯೇ ನಾಣ್ಯ ಕೂಡಿಸುವ ನಿಮ್ಮ ಹುಕ್ಕೇರಿಯ ಭೀಮರಾಯ ಮಾಸ್ತರರು, ಮೂವರೂ ಕೂಡಿ ಹೋದೆವು. ಕೊಳ್ಳಲಿಕ್ಕಲ್ಲ, ನೋಡಲಿಕ್ಕೆ.

ವರಾಹದ ಸರದಿ ಬಂದಾಗ ಮಾಸ್ತರರು ಅಪ್ಪನ ಕಿವಿಯಲ್ಲಿ ಅರವತ್ತು ರೂಪಾಯಿ ಬಂದರೆ ಹೆಚ್ಚು ಎಂದರು. ಅರವತ್ತು ದಾಟಿತು. ಮುನ್ನೂರು ದಾಟಿತು. ಆಮೇಲೆ ಕೊಲ್ಲಾಪುರದವರೊಬ್ಬರು, ಮುಂಬಯಿಯವರೊಬ್ಬರು, ಇಬ್ಬರೇ ಉಳಿದರು. ಹನ್ನೊಂದು ನೂರಾ ಐವತ್ತಕ್ಕೆ ಸುತ್ತಿಗೆ ಬಿತ್ತು, ಮುಂಬಯಿಯವರ ಪಾಲಾಯಿತು. ಅಷ್ಟು ರೊಕ್ಕಕ್ಕೆ ನಮ್ಮ ಪೇಟೆಯಲ್ಲಿ ಒಂದು ಮನೆ ಬರುತ್ತದೆ.

ಆ ಕೋಣೆಯಲ್ಲಿದ್ದ ಮುಖಗಳು ಇನ್ನೂ ನನ್ನ ಕಣ್ಣೆದುರಿಗಿವೆ. ಹತ್ತರಗಿಯ ಜಮೀನುದಾರರೊಬ್ಬರು, ವಕೀಲರು ಇದನ್ನೇ ತಮಗೆ ಎಂಬತ್ತಕ್ಕೆ ಕೊಡಲು ಬಂದಿದ್ದರು, ತಾವೇ ಬೇಡವೆಂದೆವು ಎಂದು ಸಿಕ್ಕಸಿಕ್ಕವರ ತೋಳು ಹಿಡಿದು ಹೇಳುತ್ತಿದ್ದರು. ಮಾಸ್ತರರು ಆ ಬೆಲೆ ಖರೆಯೇ ಎಂದು ನನ್ನನ್ನು ಮೂರು ಸಲ ಕೇಳಿದರು. ಊರಿಗೆ ಮರಳಿದ ವಾರದೊಳಗೆ, ನಲವತ್ತು ವರ್ಷ ಕೂಡಿಸಿದ ತಾಮ್ರದ ನಾಣ್ಯಗಳನ್ನೆಲ್ಲ ಅವರು ಪಾತ್ರೆ ಅಂಗಡಿಗೆ ತೂಕದ ಲೆಕ್ಕದಲ್ಲಿ ಮಾರಿಬಿಟ್ಟರು. ನಿನ್ನ ಅಪ್ಪ ಮಾತ್ರ ಆ ದಿನ ಹೊರಗೆ ಮೆಟ್ಟಿಲ ಮೇಲೆ ಕುಳಿತು ಎಡದ ಚಪ್ಪಲಿಯನ್ನು ಬಲಗಾಲಿಗೆ ತುರುಕುತ್ತಿದ್ದ. ನಾನು ಬಗ್ಗಿ ಅವನ್ನು ಸರಿಮಾಡಿ ಹಾಕಿದೆ.

ಮರಳುವ ಮೋಟಾರಿನಲ್ಲಿ ಅಂಕಲಗಿ ದಾಟಿದ ಮೇಲೆ ಬಾಯಿ ಬಿಟ್ಟ. "ರೊಕ್ಕ ಹೋತಂತ ಅಲ್ಲ, ಅಲಿ. ಎರಡು ವರ್ಷ ನನ್ನ ಕೈಯಾಗ ಇತ್ತು. ನನಗ ಗುರ್ತು ಹತ್ತಲಿಲ್ಲ."

ಅಕ್ಕವ್ವಾ, ಅವನನ್ನು ತಿಂದದ್ದು ಅದೊಂದೇ. ಜೀವಮಾನವೆಲ್ಲ ನಾಣ್ಯ ನೋಡಿದ ಮನುಷ್ಯ, ತನಗೆ ಕಣ್ಣೇ ಇರಲಿಲ್ಲವೆಂದು ತಿಳಿದುಕೊಂಡ. ಅನ್ನ ಬಿಟ್ಟ. ನನ್ನ ಅಂಗಡಿಗೆ ಬಂದರೂ ಭೂತಗನ್ನಡಿ ಮುಟ್ಟುತ್ತಿರಲಿಲ್ಲ. ಒಂದು ಇದ್ದಲ್ಲಿ ಇನ್ನೊಂದು ಇದ್ದೇ ಇರುತ್ತದೆ, ಆ ಹಗೇವನ್ನು ತೋರಿಸು ಎಂದು ಬೆನ್ನು ಹತ್ತಿದ. ಒಂದು ತಿಂಗಳು ನೆಪ ಹೇಳಿ ತಳ್ಳಿದೆ. ಹತ್ತರಗಿಯವರೂ ಕುಲಗೋಡದಲ್ಲಿ ವಿಚಾರಿಸುತ್ತಿದ್ದಾರೆಂಬ ಸುದ್ದಿ ಬಂದ ದಿನ ಅವನು ನನ್ನ ಮಾತು ಕೇಳಲಿಲ್ಲ. ಹೋಗಿ ಬರಿಗೈಲಿ ಮರಳಿದರೆ ಈ ಹುಚ್ಚು ಬಿಟ್ಟೀತೆಂದು ನಾನೂ ಹೊರಟೆ.

ಈಗ ಹೊಲವಾಗಿರುವ ಆ ಹಿತ್ತಲಿನ ಒಡೆಯ ಕೆಂಚಪ್ಪ ಎಂಬವನು ಹಗೇವಿನ ಬಾಯಿಯ ಕಲ್ಲನ್ನು ಸರಿಸಿಕೊಟ್ಟ. ಒಂದು ಕಾಲಕ್ಕೆ ಜೋಳ ತುಂಬುತ್ತಿದ್ದ ಆ ಕುಣಿ ಮುಚ್ಚಿ ಇಪ್ಪತ್ತು ವರ್ಷವಾಗಿತ್ತಂತೆ. ಒಳಗಿನ ಗಾಳಿ ಕೆಟ್ಟಿರುತ್ತದೆ, ಎರಡು ದಿನ ಬಾಯಿ ತೆರೆದಿಡಬೇಕು, ಮೊದಲು ದೀಪ ಇಳಿಸಿ ನೋಡಬೇಕು ಎಂದು ಹೇಳಿ ಅವನು ಕಂದೀಲು ತರಲು ಮನೆಗೆ ಹೋದ. ಅಪ್ಪ ಅಷ್ಟರಲ್ಲೇ ಹಗ್ಗ ಸೊಂಟಕ್ಕೆ ಬಿಗಿದುಕೊಂಡ. ತಡೆದೆ. ನನ್ನ ಕೈ ಬಿಡಿಸಿಕೊಂಡು ದಂಡೆಯಲ್ಲಿ ಕುಳಿತು ನನ್ನ ಮುಖ ನೋಡಿದ.

"ಇಲ್ಲೇ ಸಿಕ್ಕಿದ್ದು ಹೌದಿಲ್ಲೋ, ಅಲಿ?"

"ಹೌದು" ಎಂದೆ.

ಸಿಕ್ಕಿದ್ದು ಅಲ್ಲಲ್ಲ. ಎಲ್ಲಿಯೂ ಅಲ್ಲ. ಆ ವರಾಹವನ್ನು ಮಾಡಿದವನು ನಾನು. ಅಚ್ಚು ಕೆತ್ತಿದ್ದು ಈ ಕೈ, ಬಂಗಾರ ಮೈಮುನಾಬಿಯ ಮುರಿದ ಬೆಂಡೋಲೆಯದು. ಹಳಬರ ಕೆಲಸ ನನ್ನಿಂದಾದೀತೇ ಎಂದು ನೋಡಲಿಕ್ಕೆ ಮಾಡಿದೆ. ನಿನ್ನ ಅಪ್ಪನ ಕಣ್ಣಿಗೇ ಗೊತ್ತಾಗದಿದ್ದಾಗ ಹೇಳುವ ಮನಸ್ಸಾಗಲಿಲ್ಲ. ಒಂದು ಸಲ ಆ ಹೊಲದ ಹಾದಿಯಲ್ಲಿ ಹೋಗಿದ್ದೆ, ಬಾಯಿಗೆ ಬಂದ ಜಾಗ ಹೇಳಿದೆ. ಆದರೆ ಬೆಲೆಯ ಮಟ್ಟಿಗೆ ಅವನ ಕಣ್ಣು ಮೋಸ ಹೋಗಿರಲಿಲ್ಲ, ಅಕ್ಕವ್ವಾ. ಅದು ಹೆಚ್ಚಿನ ಬೆಲೆಯದಲ್ಲ ಎಂದು ಅವನು ಕೊಟ್ಟುಬಿಟ್ಟದ್ದೇ ಸರಿಯಾಗಿತ್ತು. ಆ ದಂಡೆಯಲ್ಲಿ ಅದೊಂದು ಮಾತು ಆಡಿದ್ದರೆ ಅವನು ಹಗ್ಗ ಬಿಚ್ಚಿ, ನನ್ನ ಕಪಾಳಕ್ಕೆ ಹೊಡೆದು, ಮನೆಗೆ ನಡೆಯುತ್ತಿದ್ದ.

ಫೌಜದಾರರ ಅಂಜಿಕೆಯಿಂದ ಸುಮ್ಮನಿದ್ದೆ ಎಂದು ಬರೆದರೆ ನೀನು ನಂಬಬಹುದು. ಅಂಜಿಕೆ ಇತ್ತು. ಆದರೆ ಆ ಸುತ್ತಿಗೆ ಬಿದ್ದಾಗ ಕೋಣೆಯಲ್ಲಿ ಎಲ್ಲರೂ ಹೊಟ್ಟೆ ಉರಿದುಕೊಳ್ಳುತ್ತಿದ್ದರೆ ನನ್ನ ಮೈ ಜುಮ್ಮೆಂದಿತ್ತು. ದಿನಕ್ಕೆ ಎಂಟಾಣೆ ದುಡಿಯುವ ಕೈ ರಾಜರ ಟಂಕಸಾಲೆಯ ಸಮಕ್ಕೆ ನಿಂತಿತಲ್ಲ ಎಂದು. ಅದನ್ನು ಕಳೆದುಕೊಳ್ಳಲು ಆಗಲಿಲ್ಲ.

ಅಪ್ಪ ಇಳಿದ. ನೆಲ ಮುಟ್ಟಿದೆ ಎಂದು ಕೂಗಿ ಹೇಳಿದ. ನೂರು ಎಣಿಸುವಷ್ಟು ಹೊತ್ತೂ ಆಗಿರಲಿಲ್ಲ, ಹಗ್ಗ ಬಿಗಿಯಾಯಿತು. ಎಷ್ಟು ಎಳೆದರೂ ನನ್ನೊಬ್ಬನಿಂದ ಆಗಲಿಲ್ಲ. ಕೆಂಚಪ್ಪ ಓಡಿ ಬಂದು ಕೈ ಹಚ್ಚಿದ ಮೇಲೆ ಮೇಲೆ ಬಂದ. ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಉಸಿರು ಇರಲಿಲ್ಲ. ಮಣ್ಣು ಕೊಡುವಾಗ ನಿಮ್ಮ ಅಯ್ಯನವರ ಬಾಜೂಕ ನಿಂತು ನಾನೂ ಮೂರು ಹಿಡಿ ಹಾಕಿದೆ. ನೀನು ನನ್ನ ಭುಜಕ್ಕೆ ತಲೆ ಇಟ್ಟು ಅತ್ತೆ. ಆಗಲೂ ಹೇಳಲಿಲ್ಲ.

ಈ ಕಾಗದವನ್ನು ಯಾರಿಗೆ ತೋರಿಸಿದರೂ ನನ್ನ ತಕರಾರಿಲ್ಲ. ನಿನ್ನ ಅಪ್ಪ ಆಸೆಬುರುಕನಾಗಿರಲಿಲ್ಲ ಎಂದು ಪೇಟೆಗೆ ಗೊತ್ತಾದರೆ ಸಾಕು.

ಇನ್ನು ಕಾಕಾ ಎಂದು ನೀನು ಕರೆಯಲಾರದ
ಹಜರತಅಲಿ

ತಾ. ಕ. ಮೊನ್ನೆ ಮುಂಬಯಿಯವರ ಕಾಗದ ಬಂದಿದೆ. ಆ ವರಾಹದ ಜೋಡಿ ಸಿಕ್ಕರೆ ಎರಡು ಸಾವಿರ ಕೊಡುತ್ತಾರಂತೆ. ಲಿಲಾವಿನ ದಿನ ನಿನ್ನ ಅಪ್ಪ ಮೆಟ್ಟಿಲ ಮೇಲೆ ಕುಳಿತಿದ್ದಾಗ ಒಳಗೆ ಹೋಗಿ ಅವರಿಗೆ ನನ್ನ ವಿಳಾಸ ಬರೆದುಕೊಟ್ಟವನು ನಾನೇ. ಉತ್ತರ ಬರೆದಿಲ್ಲ. ಆದರೆ ಆ ಕಾಗದವನ್ನು ಹರಿದೂ ಹಾಕಿಲ್ಲ.