ಅರವತ್ತೂವರೆ

ಮಾರ್ಚ್ 9, ಸೋಮವಾರ

ಅಕ್ಷರ ಸೊಟ್ಟ, ಕಾಗುಣಿತ ತಪ್ಪು — ಓದುವವಳು ನಾನೇ, ಕ್ಷಮಿಸಿಬಿಡುತ್ತೇನೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಕೈ ಇದು.

ಇವತ್ತೂ ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರ್ ಹೊಲಿದೆ. ಐವತ್ತೆಂಟು. ಪಕ್ಕದ ಮಿಷನ್ನಿನಲ್ಲಿ ಅತ್ತಿಗೆ — ಎಪ್ಪತ್ತೊಂಬತ್ತು. ಸೂಪರ್‌ವೈಸರ್ ಗೋಡೆಗೆ ಹೊಸ ಪಟ್ಟಿ ಅಂಟಿಸಿದ. ದಿನದ ಸರಾಸರಿ 40ರವರೆಗೆ ಒಂದು ಅಂಕ. 41ರಿಂದ 60, ಎರಡು. 61ರಿಂದ 80, ಮೂರು. 81ರಿಂದ ಮೇಲೆ ನಾಲ್ಕು. ವಾರದ ಕೊನೆಗೆ ಎಲ್ಲರಿಗಿಂತ ಕಡಿಮೆ ಅಂಕ ಬಂದವರು ಮನೆಗೆ.

ಮಾರ್ಚ್ 14, ಶನಿವಾರ

ಮೈಯೆಲ್ಲ ಉರಿ. ಆರು ದಿನಕ್ಕೆ 363 ಕಾಲರ್. ಸರಾಸರಿ ಅರವತ್ತೂವರೆ. ಸೂಪರ್‌ವೈಸರ್ ಪಟ್ಟಿಯ ಮೇಲೆ ಬೆರಳಾಡಿಸಿದ. ಎರಡನೇ ಸಾಲು ಅರವತ್ತಕ್ಕೆ ಮುಗಿಯುತ್ತದೆ. ಮೂರನೆಯದು ಅರವತ್ತೊಂದಕ್ಕೆ ಶುರು.

“ಯಾವ ಸಾಲಲ್ಲೂ ಕೂರಲ್ಲ ಕಣಮ್ಮ. ಸೊನ್ನೆ.”

ದಿನಕ್ಕೆ ಮೂವತ್ತು ಹೊಲಿದು ತೂಕಡಿಸುವವಳಿಗೂ ಒಂದು ಅಂಕ! ಅತ್ತಿಗೆಯ ಕಡೆ ನೋಡಿದೆ. ನಕ್ಕಳು.

“ಮನೇಲೂ ಹಿಂಗೇ ಸಾರ್, ಎಲ್ಲಾ ಅರ್ಧಂಬರ್ಧ. ಕಳಿಸ್ಬಿಡಿ.”

ಅವಳದು 480. ಸರಿಯಾಗಿ ಎಂಬತ್ತು. ಮೂರು ಅಂಕ.

ವಾರವೆಲ್ಲ ಹೊಲಿದ ಕಾಲರ್ ತುಂಬಿಟ್ಟ ಎಲ್ಲರ ಚೀಲವನ್ನೂ ಸೋಮವಾರ ಇನ್ನೊಮ್ಮೆ ಎಣಿಸುತ್ತಾರಂತೆ. ಆ ಎಣಿಕೆಯೇ ಕೊನೆ.

ಮಾರ್ಚ್ 15, ಭಾನುವಾರ

ಊಟಕ್ಕೆ ಕೂತಾಗ ಅತ್ತಿಗೆ ಅಣ್ಣನಿಗೆ: “ನಿಮ್ಮ ತಂಗಿ ಸೊನ್ನೆ ತಂದಿದಾಳೆ. ಅದನ್ನೇ ಬಡಿಸ್ಲಾ?” ಅಣ್ಣ ತಲೆ ಎತ್ತದೆ ಉಂಡ. ಕೆಲಸ ಹೋದರೆ ಈ ಮನೆಯಲ್ಲಿ ನನ್ನ ಹಾಸಿಗೆಗೂ ಜಾಗವಿಲ್ಲ — ಅದನ್ನೂ ಹೇಳಿದಳು. ಆಮೇಲೆ ತನ್ನದೇ ಗೋಳು. “ಇನ್ನೊಂದಿಷ್ಟು ಕಾಲರ್ ಆಗಿದ್ರೆ ನಂಗೆ ನಾಲ್ಕು ಬರ್ತಿತ್ತು, ಛೆ!”

ಭಾಗಾಕಾರ ಮಾತ್ರ ನನಗೆ ಚೆನ್ನಾಗಿ ಬರುತ್ತದೆ. ಮೂರು ಸಲ ಮಾಡಿ ನೋಡಿದೆ. ನನ್ನ ಚೀಲದಲ್ಲಿ ಮೂರು ಕಡಿಮೆಯಾದರೆ 360. ಸರಿಯಾಗಿ ಅರವತ್ತು, ಎರಡು ಅಂಕ. ಅವಳದಕ್ಕೆ ಮೂರು ಸೇರಿದರೆ 483. ಎಂಬತ್ತೂವರೆ. ಒಂದು ಸಾಲು ಎಂಬತ್ತಕ್ಕೆ ಮುಗಿಯುತ್ತದೆ, ಮುಂದಿನದು ಎಂಬತ್ತೊಂದಕ್ಕೆ…

ಪಾಪ ಅನ್ನಿಸಲಿಲ್ಲ. ಕಾದೆ, ಅನ್ನಿಸೀತೇನೋ ಎಂದು. ಇಲ್ಲ.

ಮಾರ್ಚ್ 16, ಸೋಮವಾರ, ಬೆಳಿಗ್ಗೆ ಏಳೂವರೆ

ಎಲ್ಲರಿಗಿಂತ ಮೊದಲು ಬಂದೆ. ಚೀಲಗಳ ಕೋಣೆಗೆ ಬೀಗ ಇರಲಿಲ್ಲ. ನನ್ನದರಿಂದ ಮೂರು ಕಾಲರ್ ತೆಗೆದೆ. ಚೆನ್ನಾಗಿ ಬಂದಿದ್ದವನ್ನೇ ಆರಿಸಿದೆ. ಅತ್ತಿಗೆಯ ಚೀಲದಲ್ಲಿ ಮಡಿಸಿಟ್ಟೆ. ಬಾಯಿಗೆ ಅವಳು ಕಟ್ಟುವ ಹಾಗೆಯೇ ಎರಡು ಗಂಟು ಹಾಕಿದೆ.