ಅರ್ಧ ಇಂಚು ಕಮ್ಮಿ

ಜೂನ್ 3
ಇನ್ನೂ ಎಂಟು ಯೂನಿಫಾರ್ಮ್ ಬಾಕಿ. ನಡು ಬಿದ್ದುಹೋಗಿದೆ. ಮಗಳದ್ದು ಮಾತ್ರ ಮುಗಿಸಿದೆ — ಸ್ಕರ್ಟಿನ ಎಡಗಡೆ ಅಂಚು ಒಂದೂವರೆ ಇಂಚು ಹೆಚ್ಚು ಮಡಿಚಿ. ಎಡ ಶೂ ಒಳಗೆ ಸ್ಪಂಜು. ನಿಂತರೆ ಯಾರಿಗೂ ಗೊತ್ತಾಗದು. ನಡೆದರೆ... ಸೋಮಾರಿ ನಡಿಗೆ ಅಂತಲೇ ಇವರೂ ನಂಬಿದ್ದಾರೆ. ನನ್ನ ಕೈಚಳಕ!

ಜೂನ್ 19
ಡ್ರಿಲ್ ಮೇಷ್ಟ್ರು ಕರೆಸಿದ್ದರು. ಓಡುವಾಗ ಬಿದ್ದಳಂತೆ. "ಸೋಮಾರಿತನ ಅಲ್ಲಮ್ಮ ಇದು. ಮೂಳೆ ಡಾಕ್ಟ್ರಿಗೆ ತೋರ್ಸಿ."
ಎಕ್ಸ್‌ರೇ ಆಯಿತು. ತೊಡೆಮೂಳೆಯ ಚೆಂಡು ಸೊಂಟದ ಗೂಡಿನಲ್ಲೇ ಇಲ್ಲ. ಹುಟ್ಟಿದಾಗಿನಿಂದ ಇಲ್ಲ! ಮೇಲೆ ಸರಿದು ಕೂತಿದೆ.
"ಎಂಟು ವರ್ಷ ಆಗೋಗಿದೆ. ಯಾವಾಗ ಗಮನಿಸಿದ್ರಿ?" ಎಂದರು ಡಾಕ್ಟರ್.
ಇವರು ಪಕ್ಕದಲ್ಲೇ ಇದ್ದರು. "ಹೋದ ವರ್ಷ ಇರ್ಬೇಕು," ಎಂದುಬಿಟ್ಟೆ.

ಜೂನ್ 20, ಬೆಳಿಗ್ಗೆ
ಅಳತೆ ಪುಸ್ತಕ ತೆಗೆದೆ. ನನ್ನದೇ ಅಕ್ಷರ. ಮೂರನೇ ವರ್ಷ, ಎಡ ಅರ್ಧ ಇಂಚು ಕಮ್ಮಿ. ಐದಕ್ಕೆ ಒಂದು. ಎಂಟಕ್ಕೆ ಒಂದೂವರೆ. ಕುಂಟಿ ಅಂತ ಯಾರೂ ಕರೆಯಬಾರದು ಅನ್ನುವುದೊಂದೇ ತಲೆಯಲ್ಲಿತ್ತು. ಕಣ್ಣಾರೆ ಕಂಡು, ಬರೆದಿಟ್ಟು, ಹೊಲಿದು ಮುಚ್ಚಿದೆ. ನಾನೂ ಒಬ್ಬ ತಾಯಿ!
ಪುಸ್ತಕವನ್ನು ಬಟ್ಟೆಚೂರಿನ ಚೀಲದ ತಳಕ್ಕೆ ತುರುಕಿದ್ದೇನೆ.

ಜುಲೈ 9
ನಿನ್ನೆ ಆಪರೇಷನ್. ಐದು ಗಂಟೆ ಹಿಡಿಯಿತು. ತೊಡೆಮೂಳೆಯ ಒಂದು ತುಂಡು ಕತ್ತರಿಸಿ ತೆಗೆದು, ಚೆಂಡನ್ನು ಕೆಳಗಿಳಿಸಿ ಗೂಡಿಗೆ ಕೂರಿಸಿದ್ದಾರೆ. ಎದೆಯಿಂದ ಕಾಲ್ಬೆರಳವರೆಗೆ ಪ್ಲಾಸ್ಟರ್.
"ಅಮ್ಮಾ, ಇದನ್ನೂ ನೀನೇ ಹೊಲಿದ್ಯಾ? ತುಂಬಾ ಟೈಟು."
ನಕ್ಕೆ. ಆಮೇಲೆ ವರಾಂಡಕ್ಕೆ ಹೋಗಿ ಅತ್ತುಬಿಟ್ಟೆ.

ಸೆಪ್ಟೆಂಬರ್ 2
ಪ್ಲಾಸ್ಟರ್ ಬಿಚ್ಚಿದರು. ಕಾಲು ಕಡ್ಡಿಯಾಗಿದೆ. ಸೊಂಟ ಮಡಚಲು ಹೋದರೆ ಕಿರುಚುತ್ತಾಳೆ.

ಡಿಸೆಂಬರ್ 11
ಹೊಸ ಎಕ್ಸ್‌ರೇ. ಚೆಂಡಿಗೆ ರಕ್ತ ಹೋಗುತ್ತಿಲ್ಲ. ಕುಸಿಯಬಹುದು. ಜೀವನಪೂರ್ತಿ ನೋವು ಇರಬಹುದು.
ಇವರು ಮೇಜು ಕುಟ್ಟಿದರು. "ನೀವೇ ಏನೋ ಎಡವಟ್ಟು ಮಾಡಿದ್ದೀರಿ!"
"ಈ ವಯಸ್ಸಲ್ಲಿ ಮಾಡಿದ್ರೆ ಅಪಾಯ ಜಾಸ್ತಿ ಅಂತ ಮೊದ್ಲೇ ಹೇಳಿದ್ದೆ ಸರ್," ಎಂದರು ಡಾಕ್ಟರ್. "ಮೂರು ವರ್ಷಕ್ಕೇ ಗೊತ್ತಾಗಿದ್ದಿದ್ರೆ..."
ಬೈಗುಳವೆಲ್ಲ ಅವರಿಗೇ ಬಿತ್ತು. ನಾನು ಎಕ್ಸ್‌ರೇಯನ್ನು ಕವರಿಗೆ ಹಾಕುತ್ತಾ ಕೂತೆ.

ಡಿಸೆಂಬರ್ 14, ಮಧ್ಯಾಹ್ನ
ಇವರು ಊಟಕ್ಕೆ ಬಂದಿದ್ದಾರೆ. ಆಚೆ ಕೋಣೆಯಲ್ಲಿ ಮಗಳ ಪಕ್ಕ ಕೂತಿದ್ದಾರೆ. ಅವಳಿಗೆ ಗೊಂಬೆ ಲಂಗಕ್ಕೆ ಬಟ್ಟೆ ಬೇಕಂತೆ — ಚೂರಿನ ಚೀಲ ಇವರೇ ತೆಗೆದುಕೊಟ್ಟರಂತೆ... ಅಯ್ಯೋ.
"ಅಪ್ಪಾ, ಇಲ್ನೋಡು, ನನ್ನ ಹೆಸ್ರು! ಮೂರನೇ ವರ್ಷ... ಎಡ ಅರ್ಧ ಇಂಚು ಕಮ್ಮಿ. ಎಡ ಅಂದ್ರೆ ಇದೇ ಕಾಲು ಅಲ್ವಾ?"
ಇವರು ಹಾಳೆ ತಿರುವುತ್ತಿದ್ದಾರೆ. ಇನ್ನೊಂದು. ಇನ್ನೂ ಒಂದು.
ಕುರ್ಚಿ ಸರಿಯಿತು. ಈ ಕಡೆಗೇ ಬ—